‘ಡಿಸ್ಕೇ ಕಾಣ್ತಿಲ್ಲ ಸರ್!’: ಓದುಗರ ಪ್ರಶ್ನೆ, ನಮ್ಮ ಉತ್ತರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಅದಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗಿದೆ. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ ಹಳೇ ಸಿಸ್ಟಂಗೆ ಒಂದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಚುರುಕಿನ ಡಿಸ್ಕ್) ತಂದು, ವಿಂಡೋಸ್ ಬದಲು ಲಿನಕ್ಸ್ ಹಾಕಿ, ಇನ್ನೂ ನಾಲ್ಕು ವರ್ಷ ಓಡಿಸೋಣ ಅಂತ ತುಂಬಾ ಜನ ಹೊರಟಿದ್ದಾರೆ. ಒಳ್ಳೆಯದೇ. ಆದರೆ ಅರ್ಧಕ್ಕರ್ಧ ಜನ ಒಂದೇ ಕಡೆ ನಿಲ್ಲುತ್ತಾರೆ. ಇನ್‌ಸ್ಟಾಲ್ ಶುರುವಾಗುತ್ತದೆ, ಭಾಷೆ ಕೇಳುತ್ತದೆ, ಕೀಬೋರ್ಡ್ ಕೇಳುತ್ತದೆ, ಎಲ್ಲಿ ಹಾಕಲಿ ಅಂತ ಕೇಳುವಾಗ ಪಟ್ಟಿ ಖಾಲಿ. ಈ ಸಲ ಬಂದ ನಾಲ್ಕು ಪತ್ರಗಳೂ ಅದರದ್ದೇ, ಹಾಗಾಗಿ ಒಟ್ಟಿಗೆ ಹಾಕಿದ್ದೇನೆ.

ಪ್ರಶ್ನೆ: ಕಾಪುವಿನಲ್ಲಿ ನಮ್ಮದೊಂದು ಸಣ್ಣ ಜೆರಾಕ್ಸ್ ಅಂಗಡಿ. 2012ರಲ್ಲಿ ಅಸೆಂಬಲ್ ಮಾಡಿಸಿದ ಸಿಸ್ಟಂ ಉಂಟು, ಎರಡನೇ ತಲೆಮಾರಿನ ಐ3, ಎಚ್61 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಈಗ 240 ಜಿಬಿ ಎಸ್‌ಎಸ್‌ಡಿ ತಂದು ಲಿನಕ್ಸ್ ಮಿಂಟ್ ಹಾಕಲು ಹೊರಟೆ. ಪೆನ್ ಡ್ರೈವ್‌ನಿಂದ ಚೆನ್ನಾಗಿಯೇ ಬೂಟ್ ಆಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಡಿ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಮೂರು ಸಲ ಪೆನ್ ಡ್ರೈವ್ ಹೊಸದಾಗಿ ಮಾಡಿದೆ. ಇದರ ನಡುವೆ ಹಳೇ ವಿಂಡೋಸ್ ಕೂಡ ಬೆಳಿಗ್ಗೆ ಆನ್ ಮಾಡಿದರೆ ನೀಲಿ ಪರದೆ ತೋರಿಸುತ್ತದೆ, ಗಡಿಯಾರ 2012 ಅಂತ ತೋರಿಸುತ್ತದೆ. ರಿಪೇರಿಯವರು ಬೋರ್ಡ್ ಹೋಗಿದೆ, ಹೊಸ ಸಿಸ್ಟಂ ತಗೊಳ್ಳಿ ಅಂತಾರೆ. ಹೌದಾ?

ಉತ್ತರ: ಬೋರ್ಡ್ ಹೋಗಿಲ್ಲ ಅಂತ ನನ್ನ ಅಂದಾಜು. ನಿಮ್ಮ ಸಿಸ್ಟಂಗೆ ಎರಡು ಕಾಯಿಲೆ ಒಟ್ಟಿಗೆ ಬಂದಿವೆ. ಎರಡೂ ಸಣ್ಣವೇ, ಆದರೆ ಒಂದರ ಲಕ್ಷಣ ಇನ್ನೊಂದರ ಮೇಲೆ ಬಿದ್ದು ದೊಡ್ಡ ರೋಗದ ಹಾಗೆ ಕಾಣುತ್ತಿದೆ.

ಸುಲಭದ್ದು ಮೊದಲು ಮುಗಿಸೋಣ. ಗಡಿಯಾರ 2012ಕ್ಕೆ ಹೋಗುತ್ತಿದೆ ಅಂದರೆ ಬೋರ್ಡ್ ಮೇಲಿನ ಗುಂಡು ಸೆಲ್ ಸತ್ತಿದೆ. ಸಿಆರ್2032 ಅಂತ ಅದರ ಮೇಲೇ ಬರೆದಿರುತ್ತದೆ, 3 ವೋಲ್ಟಿನದ್ದು, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ಒಂದು ಮಸಾಲೆ ದೋಸೆಯ ದುಡ್ಡು ಸಾಕು. ಆ ಸೆಲ್ ಕೆಲಸ ಬರೀ ಟೈಮ್ ನೋಡಿಕೊಳ್ಳುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಬಯಾಸ್‌ನಲ್ಲಿ, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಏಳುವ ಬೋರ್ಡಿನ ಪ್ರೋಗ್ರಾಂನಲ್ಲಿ, ನಾವು ಮಾಡಿದ ಸೆಟ್ಟಿಂಗ್‌ಗಳನ್ನು ಹಳೇ ಬೋರ್ಡ್‌ಗಳಲ್ಲಿ ಉಳಿಸಿ ಇಡುವುದೂ ಅದೇ. ರಾತ್ರಿ ಅಂಗಡಿ ಮುಚ್ಚುವಾಗ ನೀವು ಸ್ವಿಚ್ ಬೋರ್ಡ್‌ನಲ್ಲೇ ಆಫ್ ಮಾಡುತ್ತೀರಿ ಅಲ್ವಾ? ಆಗ ಬೋರ್ಡ್‌ಗೆ ಕರೆಂಟ್ ಪೂರ್ತಿ ನಿಲ್ಲುತ್ತದೆ, ಸೆಲ್‌ನಲ್ಲಿ ಜೀವ ಇಲ್ಲ, ಬೆಳಿಗ್ಗೆ ಬಯಾಸ್ ಎಲ್ಲ ಮರೆತು ಫ್ಯಾಕ್ಟರಿ ಸೆಟ್ಟಿಂಗ್‌ಗೆ ಬಂದು ಕೂತಿರುತ್ತದೆ.

ನೀಲಿ ಪರದೆಯ ಗುಟ್ಟೂ ಇಲ್ಲೇ ಇದೆ. ಸಾಟಾ, ಅಂದರೆ ಸಪೂರ ಕೇಬಲಿನ ಡಿಸ್ಕ್ ಜೊತೆ ಬೋರ್ಡ್ ಹೇಗೆ ಮಾತಾಡಬೇಕು ಅನ್ನೋದಕ್ಕೆ ಬಯಾಸ್‌ನಲ್ಲಿ ‘ಸಾಟಾ ಮೋಡ್’ ಅಂತ ಒಂದು ಆಯ್ಕೆ ಇರುತ್ತದೆ. ಐಡಿಇ ಅಂದರೆ ಹಳೇ ಕ್ರಮ, ಎಎಚ್‌ಸಿಐ ಅಂದರೆ ಹೊಸ ಕ್ರಮ. ವಿಂಡೋಸ್ 7 ಹಾಕುವಾಗ ಯಾವ ಮೋಡ್ ಇತ್ತೋ ಅದಕ್ಕೆ ಬೇಕಾದ ಡ್ರೈವರ್ (ಆ ಭಾಗವನ್ನು ನಡೆಸುವ ಪುಟ್ಟ ಪ್ರೋಗ್ರಾಂ) ಮಾತ್ರ ಎಬ್ಬಿಸಿ ಇಟ್ಟುಕೊಂಡಿರುತ್ತದೆ, ಉಳಿದದ್ದು ಮಲಗಿರುತ್ತದೆ. ನಿಮ್ಮದು ಎಎಚ್‌ಸಿಐನಲ್ಲಿ ಹಾಕಿದ್ದಿರಬೇಕು. ಸೆಲ್ ಸತ್ತು ಮೋಡ್ ಐಡಿಇಗೆ ಹೋದ ಬೆಳಿಗ್ಗೆ ವಿಂಡೋಸ್ ಅರ್ಧ ಎದ್ದು, ತಾನಿರುವ ಡಿಸ್ಕನ್ನೇ ಓದಲಾಗದೆ ನೀಲಿ ಪರದೆ ಹಾಕುತ್ತದೆ. ಕೋಡ್ ನೋಡಿ, ಸೊನ್ನೆಗಳ ಸಾಲಿನ ಕೊನೆಗೆ ‘7ಬಿ’ ಅಂತ ಇದ್ದರೆ ಇದೇ. ಪ್ಲಗ್ ತೆಗೆದು ಸೆಲ್ ಬದಲಿಸಿ, ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿ ಬಯಾಸ್‌ಗೆ ಹೋಗಿ, ತಾರೀಖು ಸರಿ ಮಾಡಿ, ಸಾಟಾ ಮೋಡನ್ನು ಎಎಚ್‌ಸಿಐಗೆ ಹಾಕಿ ಸೇವ್ ಮಾಡಿ. ವಿಂಡೋಸ್ ಏನೂ ಆಗದ ಹಾಗೆ ಏಳುತ್ತದೆ.

ತಾರೀಖು ಸರಿ ಮಾಡದೆ ಮಿಂಟ್ ಹಾಕಿಬಿಟ್ಟರೆ ಮತ್ತೊಂದು ಗೋಳು. ಬ್ರೌಸರ್‌ನಲ್ಲಿ ಒಂದು ಸೈಟೂ ತೆರೆಯುವುದಿಲ್ಲ, ಎಲ್ಲ ಕಡೆ ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತದೆ, ಯಾಕೆಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಆ ಸರ್ಟಿಫಿಕೇಟ್‌ಗಳು ಇನ್ನೂ ಹುಟ್ಟೇ ಇಲ್ಲ!

ಈಗ ಎಸ್‌ಎಸ್‌ಡಿ ಕಣ್ಣುಮುಚ್ಚಾಲೆ. ಇದಕ್ಕೂ ಮೋಡ್‌ಗೂ ಸಂಬಂಧ ಇಲ್ಲ. ಲಿನಕ್ಸ್‌ಗೆ ಐಡಿಇಯೂ ಗೊತ್ತು, ಎಎಚ್‌ಸಿಐಯೂ ಗೊತ್ತು, ಎರಡರಲ್ಲೂ ಡಿಸ್ಕ್ ಕಾಣಬೇಕು. ನೀವು ಬರೆಯದೇ ಬಿಟ್ಟ ಒಂದು ವಿಷಯ ನನಗೆ ಬೇಕಿತ್ತು: ಅದು ಕಾಣದೇ ಇದ್ದಾಗ ಬಯಾಸ್‌ನಲ್ಲಿ ಅದರ ಹೆಸರು ಇತ್ತಾ? ಡಿಸ್ಕ್ ಕಾಣುತ್ತಿಲ್ಲ ಅಂದವರಿಗೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಬಯಾಸ್‌ಗೇ ಕಾಣದಿದ್ದರೆ ಪೆನ್ ಡ್ರೈವ್ ನೂರು ಸಲ ಮಾಡಿದರೂ ಉಪಯೋಗ ಇಲ್ಲ, ಹುಡುಕಬೇಕಾದ್ದು ಕೇಬಲ್, ಕರೆಂಟ್, ಪೋರ್ಟ್, ಇಲ್ಲಾ ಡಿಸ್ಕ್. ಬಯಾಸ್‌ಗೆ ಕಂಡು ಇನ್‌ಸ್ಟಾಲರ್‌ಗೆ ಕಾಣದಿದ್ದರೆ ಸ್ಕ್ರೂಡ್ರೈವರ್ ಕೆಳಗಿಡಿ, ಅದು ಮೋಡ್ ಅಥವಾ ಡ್ರೈವರ್ ವಿಷಯ. ಇಷ್ಟು ಬೇರ್ಪಡಿಸಿಕೊಂಡರೆ ಅರ್ಧ ದಿನ ಉಳಿಯುತ್ತದೆ ಮಾರಾಯ್ರೆ.

ನಿಮ್ಮದು ಒಮ್ಮೆ ಇದ್ದು ಒಮ್ಮೆ ಇಲ್ಲ. ಡ್ರೈವರ್ ಹೀಗೆ ಮಾಡುವುದಿಲ್ಲ, ಅದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹೀಗೆ ಆಡುವುದು ಸಡಿಲ ಆದ ಕನೆಕ್ಷನ್. ನಮ್ಮ ಕರಾವಳಿಯಲ್ಲಂತೂ ಇದು ಜಾಸ್ತಿ. ಸಮುದ್ರದಿಂದ ಕೂಗಳತೆಯಲ್ಲಿ ಅಂಗಡಿ, ನಾಲ್ಕು ತಿಂಗಳು ಮಳೆ, ಬಾಗಿಲ ಬೀಗವೇ ತುಕ್ಕು ಹಿಡಿಯುವಾಗ ಇಷ್ಟು ವರ್ಷ ಖಾಲಿ ಬಿದ್ದಿದ್ದ ಸಾಟಾ ಪೋರ್ಟ್ ಹೊಳೆಯುತ್ತಾ ಇರುತ್ತದಾ? ಉಪ್ಪುಗಾಳಿಗೆ ಒಳಗಿನ ಲೋಹ ಮಂಕಾಗಿರುತ್ತದೆ. ನೀವು ಹೊಸ ಎಸ್‌ಎಸ್‌ಡಿಗೆ ಬಳಸಿದ ಕೇಬಲ್ ಕೂಡ ಎಲ್ಲೋ ಡಬ್ಬಿಯಲ್ಲಿ ಮಡಚಿ ಬಿದ್ದಿದ್ದ ಕೇಬಲ್ಲೇ ಇರಬೇಕು, ಅಲ್ವಾ?

ಅದಲು ಬದಲು ಮಾಡಿ ನೋಡಿ. ಹಾರ್ಡ್ ಡಿಸ್ಕ್ ಸರಿಯಾಗಿ ಕಾಣುತ್ತಿದೆ ತಾನೇ, ಅದರ ಡೇಟಾ ಕೇಬಲನ್ನು ಬೋರ್ಡ್ ಕಡೆಯಿಂದ ಕೀಳದೆ, ಡಿಸ್ಕ್ ಕಡೆ ಮಾತ್ರ ಬಿಚ್ಚಿ ಎಸ್‌ಎಸ್‌ಡಿಗೆ ಸಿಕ್ಕಿಸಿ. ಪವರ್ ಕೇಬಲೂ ಹಾರ್ಡ್ ಡಿಸ್ಕಿನದ್ದೇ ಹಾಕಿ. ಹತ್ತು ಸಲ ಆನ್ ಆಫ್ ಮಾಡಿ ಬಯಾಸ್ ನೋಡಿ. ಹತ್ತಕ್ಕೆ ಹತ್ತೂ ಕಂಡರೆ ಎಸ್‌ಎಸ್‌ಡಿ ಚೆನ್ನಾಗಿದೆ, ತಪ್ಪು ಆ ಹಳೇ ಕೇಬಲ್ಲಿನದ್ದು ಅಥವಾ ಆ ಪೋರ್ಟಿನದ್ದು. ಆಗ ಹೊಸ ಕೇಬಲ್ ತನ್ನಿ, ಕ್ಲಿಪ್ ಇರುವಂಥದ್ದು. ಅದನ್ನು ಬೇರೆ ಪೋರ್ಟ್‌ಗೆ ಹಾಕಿ, ಎಚ್61ರಲ್ಲಿ ನಾಲ್ಕು ಸಾಟಾ ಪೋರ್ಟ್ ಇವೆ. ನಾಲ್ಕೂ 3 ಗಿಗಾಬಿಟ್ ವೇಗದವು, ನಿಮ್ಮ ಎಸ್‌ಎಸ್‌ಡಿ 6ರದ್ದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅರ್ಧ ವೇಗದಲ್ಲೂ ಹಳೇ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಚುರುಕು. ಒಳ್ಳೆಯ ಕೇಬಲ್ ಹಾಕಿಯೂ ಎಸ್‌ಎಸ್‌ಡಿ ಬರದಿದ್ದರೆ ಮಾತ್ರ ಅದನ್ನು ವಾರಂಟಿಗೆ ಒಯ್ಯಿರಿ.

ಪವರ್ ಕಡೆ ಒಂದು ಎಚ್ಚರಿಕೆ. ಹಳೇ ಎಸ್‌ಎಂಪಿಎಸ್‌ನಲ್ಲಿ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಸಾಟಾ ಪವರ್ ಪ್ಲಗ್ ಕಡಿಮೆ ಇರುತ್ತವೆ, ಹಾಗಾಗಿ ನಾಲ್ಕು ಪಿನ್ನಿನ ದೊಡ್ಡ ಪ್ಲಗ್‌ನಿಂದ ಸಾಟಾಕ್ಕೆ ಬದಲಿಸುವ ಅಗ್ಗದ ಕನ್ವರ್ಟರ್ ಸಿಕ್ಕಿಸುತ್ತಾರೆ. ಅಚ್ಚು ಹೊಯ್ದ ಪ್ಲಾಸ್ಟಿಕ್ಕಿನ ಒಳಗೆ ವೈರ್‌ಗಳು ಒಂದಕ್ಕೊಂದು ತಾಗಿ ಸುಟ್ಟುಹೋದ ಉದಾಹರಣೆ ಬೇಕಾದಷ್ಟಿದೆ. ಅದು ಇದ್ದರೆ ತೆಗೆಯಿರಿ.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ, ನಾಚಿಕೆಯದ್ದೇ. ಹಿಂದೊಮ್ಮೆ ನೆಂಟರ ಮನೆಯ ಸಿಸ್ಟಂಗೆ ಎರಡು ದಿನ ಕೂತೆ. ಬಯಾಸ್ ಅಪ್‌ಡೇಟ್ ಮಾಡಿದೆ, ಮೂರು ಬಗೆಯ ಲಿನಕ್ಸ್ ಇಳಿಸಿದೆ, ಡಿಸ್ಕ್ ಬರಲೇ ಇಲ್ಲ. ಮೂರನೇ ದಿನ ಟಾರ್ಚ್ ಹಿಡಿದು ನೋಡಿದರೆ ಸಾಟಾ ಪೋರ್ಟಿನೊಳಗೆ ಇರುವೆಗಳು ಗೂಡು ಕಟ್ಟಿ ಮೊಟ್ಟೆ ಇಟ್ಟಿವೆ! ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಂದದ್ದು, ಪಾಪ. ಹಾಗಾಗಿ ಕ್ಯಾಬಿನೆಟ್ ಬಿಚ್ಚಿದ ಮೇಲೆ ಮೊದಲು ಕಣ್ಣಿಂದ ನೋಡಿ. ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಮೊಬೈಲ್ ರಿಪೇರಿಯವರ ಹತ್ತಿರ ಐಸೊಪ್ರೊಪೈಲ್ ಆಲ್ಕೋಹಾಲ್ ಇರುತ್ತದೆ, ಸ್ವಲ್ಪ ತಂದು ಒರೆಸಿ, ಪೂರ್ತಿ ಆರಿದ ಮೇಲೆ ಆನ್ ಮಾಡಿ. ತೆಂಗಿನೆಣ್ಣೆ ಹಚ್ಚಿದರೆ ತುಕ್ಕು ಬರಲ್ಲ ಅಂತ ಒಬ್ಬರು ಸಲಹೆ ಬರೆದಿದ್ದರು. ದಯವಿಟ್ಟು ಬೇಡ.

ಕೇಬಲ್ ಹಾಕಿದ್ದು ಸರಿಹೋಯಿತಾ ಅಂತ ನೋಡಲು ಒಂದು ಉಪಾಯ ಇದೆ. ಮಿಂಟ್ ಪೆನ್ ಡ್ರೈವ್‌ನಿಂದಲೇ ಎದ್ದಾಗ ‘ಡಿಸ್ಕ್ಸ್’ ಅನ್ನೋ ಪ್ರೋಗ್ರಾಂ ತೆರೆಯಿರಿ. ಅದರಲ್ಲಿ ಡಿಸ್ಕಿನ ‘ಸ್ಮಾರ್ಟ್’ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಂಡ ಲೆಕ್ಕ, ನೋಡಬಹುದು. 199ನೇ ನಂಬರಿನ ಸಾಲು ಸಿಆರ್‌ಸಿ ಎರರ್ ಲೆಕ್ಕ, ಅಂದರೆ ಕೇಬಲ್ ದಾರಿಯಲ್ಲಿ ಎಷ್ಟು ಸಲ ಮಾತು ಕೆಟ್ಟಿತು ಅಂತ. ಆ ಲೆಕ್ಕ ಕೆಳಗಿಳಿಯುವುದಿಲ್ಲ, ಹಳೆಯದು ಹಾಗೇ ಇರುತ್ತದೆ. ಇವತ್ತಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ವಾರ ಬಿಟ್ಟು ನೋಡಿ. ಏರುತ್ತಿದ್ದರೆ ಕೇಬಲ್ ಇನ್ನೂ ಸರಿ ಇಲ್ಲ. ಎಲ್ಲ ಎಸ್‌ಎಸ್‌ಡಿಯೂ ಈ ಸಾಲನ್ನು ತೋರಿಸುವುದಿಲ್ಲ, ಹಾರ್ಡ್ ಡಿಸ್ಕ್‌ಗಳು ಸಾಮಾನ್ಯವಾಗಿ ತೋರಿಸುತ್ತವೆ.

ಕೊನೆಗೆ, ಮಿಂಟ್ ಹಾಕುವ ಹೊತ್ತಿಗೆ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚಿಡಿ. ಅಂಗಡಿ ಲೆಕ್ಕ, ಗಿರಾಕಿಗಳ ಫೈಲು ಎಲ್ಲ ಅದರಲ್ಲೇ ಅಲ್ವಾ ಇರುವುದು. ಅದು ಕಣ್ಣಿಗೇ ಬೀಳದಿದ್ದರೆ ತಪ್ಪಿ ಅಳಿಸುವ ಮಾತೂ ಇಲ್ಲ, ಬೂಟ್ ಆಗಲು ಬೇಕಾದ ಭಾಗವೂ ಎಸ್‌ಎಸ್‌ಡಿಯಲ್ಲೇ ಕೂರುತ್ತದೆ. ಮಿಂಟ್‌ಗೆ 2 ಜಿಬಿ ರ‍್ಯಾಮ್ ಇದ್ದರೂ ಆಗುತ್ತದೆ, 4 ಜಿಬಿ ಇದ್ದರೆ ಒಳ್ಳೆಯದು. ನಿಮ್ಮಲ್ಲಿ ಅಷ್ಟಿದೆ. ಆದರೂ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಹಗುರ.

ಪ್ರಶ್ನೆ: ನಾನು ಸುರತ್ಕಲ್‌ನಲ್ಲಿ ಓದುತ್ತಿದ್ದೇನೆ. ಅಣ್ಣ ಬಳಸಿ ಬಿಟ್ಟ ಏಳನೇ ತಲೆಮಾರಿನ ಲ್ಯಾಪ್‌ಟಾಪ್. ವಿಂಡೋಸ್ 10 ಚೆನ್ನಾಗಿಯೇ ಓಡುತ್ತಿದೆ, ಬಯಾಸ್‌ನಲ್ಲೂ ಡಿಸ್ಕ್ ಇದೆ. ಲಿನಕ್ಸ್ ಇನ್‌ಸ್ಟಾಲರ್‌ನಲ್ಲಿ ಮಾತ್ರ ಪೆನ್ ಡ್ರೈವ್ ಬಿಟ್ಟರೆ ಬೇರೇನೂ ಇಲ್ಲ. ವಿಂಡೋಸ್ ತೆಗೆಯದೆ ಎರಡೂ ಇಟ್ಟುಕೊಳ್ಳಬೇಕು.

ಉತ್ತರ: ಆ ಪೆನ್ ಡ್ರೈವನ್ನೇ ಡಿಸ್ಕ್ ಅಂದುಕೊಂಡು ಅಳಿಸಲು ಹೋಗಲಿಲ್ಲ ತಾನೇ? ಹೋದವರಿದ್ದಾರೆ.

ಬಯಾಸ್‌ಗೆ ಕಂಡಿದೆ, ವಿಂಡೋಸ್‌ಗೆ ಕಂಡಿದೆ, ಹಾಗಾಗಿ ಸ್ಕ್ರೂ ಬಿಚ್ಚಬೇಕಾಗಿಲ್ಲ. ಆ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳು ಫ್ಯಾಕ್ಟರಿಯಿಂದಲೇ ‘ರೇಡ್’ (ಹಲವು ಡಿಸ್ಕ್ ಒಟ್ಟು ಸೇರಿಸಿ ಬಳಸುವ ಕ್ರಮ) ಅಥವಾ ‘ಇಂಟೆಲ್ ಆರ್‌ಎಸ್‌ಟಿ’ ಮೋಡ್‌ನಲ್ಲಿ ಬರುತ್ತಿದ್ದವು, ಒಂದೇ ಡಿಸ್ಕ್ ಇದ್ದರೂ ಸಹ. ಆ ಮೋಡ್‌ನಲ್ಲಿ ಎನ್‌ವಿಎಂಇ ಡಿಸ್ಕ್ (ಕೇಬಲ್ ಇಲ್ಲದೆ ಬೋರ್ಡಿಗೇ ಸಿಕ್ಕಿಸುವ ಎಸ್‌ಎಸ್‌ಡಿ) ಇಂಟೆಲ್ ಕಂಟ್ರೋಲರ್‌ನ ಬೆನ್ನ ಹಿಂದೆ ಅಡಗಿರುತ್ತದೆ. ವಿಂಡೋಸ್ ಹತ್ತಿರ ಇಂಟೆಲ್ ಡ್ರೈವರ್ ಇದೆ, ನೋಡುತ್ತದೆ. ಲಿನಕ್ಸ್‌ಗೆ ಕಾಣುವುದಿಲ್ಲ. ಎಎಚ್‌ಸಿಐಗೆ ಬದಲಿಸಿದರೆ ಲಿನಕ್ಸ್‌ಗೆ ಕಾಣುತ್ತದೆ, ಆದರೆ ಸುಮ್ನೆ ಬದಲಿಸಿದರೆ ಮೇಲಿನ ಕಾಪುವಿನವರ ನೀಲಿ ಪರದೆ ನಿಮ್ಮಲ್ಲಿಗೂ ಬರುತ್ತದೆ.

ಅದಕ್ಕೆ ದಾರಿ ಇದು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಆಗಿದೆಯಾ ನೋಡಿ, ಆಗಿದ್ದರೆ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಅದನ್ನು ಸಸ್ಪೆಂಡ್ ಮಾಡಿ. ಇದನ್ನು ಬಿಟ್ಟರೆ ಆಮೇಲೆ 48 ಅಂಕಿಯ ಕೀ ಕೇಳಿ ನಿಲ್ಲುತ್ತದೆ, ಅಣ್ಣನ ಅಕೌಂಟ್‌ನಲ್ಲಿದ್ದರೆ ಅಣ್ಣನಿಗೆ ಫೋನ್ ಮಾಡಬೇಕು. ಆಮೇಲೆ ಎಂಎಸ್‌ಕಾನ್ಫಿಗ್ (msconfig) ಅನ್ನೋ ವಿಂಡೋಸ್ ಪ್ರೋಗ್ರಾಂ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡುವಾಗ ನೇರ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದು ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಅಲ್ಲಿ ಕೆಲವೊಮ್ಮೆ ಪಿನ್ ಒಪ್ಪುವುದಿಲ್ಲ, ಪಾಸ್‌ವರ್ಡ್ ನೆನಪಿರಲಿ. ಮತ್ತೆ ಎಂಎಸ್‌ಕಾನ್ಫಿಗ್‌ಗೆ ಹೋಗಿ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಲಿನಕ್ಸ್‌ಗೆ ಜಾಗ ಮಾಡುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಬಯಾಸ್‌ನಲ್ಲಿ ಆಪ್ಟೇನ್ (ಡಿಸ್ಕ್ ಚುರುಕು ಮಾಡುವ ಇಂಟೆಲ್ ವ್ಯವಸ್ಥೆ) ಅಂತ ಕಂಡರೆ ಅದನ್ನು ಮೊದಲು ವಿಂಡೋಸ್ ಒಳಗಿಂದಲೇ ನಿಲ್ಲಿಸಿ, ಆಮೇಲೆ ಉಳಿದದ್ದು.

ಪ್ರಶ್ನೆ: ಕಾರ್ಕಳದಿಂದ. ಡಿಸ್ಕ್ ಕಾಣುತ್ತದೆ, ಆದರೆ ವಿಂಡೋಸ್ ‘ಈ ಡಿಸ್ಕಿಗೆ ಹಾಕಲು ಆಗುವುದಿಲ್ಲ, ಎಂಬಿಆರ್ ಪಾರ್ಟಿಷನ್ ಇದೆ’ ಅನ್ನುತ್ತದೆ. ಡಿಸ್ಕ್ ಹಾಳಾ?

ಉತ್ತರ: ಹಾಳಾಗಿಲ್ಲ. ನಿಮ್ಮ ಪೆನ್ ಡ್ರೈವ್ ಯುಇಎಫ್‌ಐ, ಅಂದರೆ ಬಯಾಸ್‌ನ ಹೊಸ ರೂಪದ ದಾರಿಯಲ್ಲಿ ಎದ್ದಿದೆ, ಡಿಸ್ಕ್ ಹಳೇ ದಾರಿಯದ್ದು. ಎಂಬಿಆರ್, ಜಿಪಿಟಿ ಅಂದರೆ ಡಿಸ್ಕಿನ ಪಾರ್ಟಿಷನ್‌ಗಳ ಪಟ್ಟಿ ಇಡುವ ಹಳೇ ಮತ್ತು ಹೊಸ ಕ್ರಮ, ಯುಇಎಫ್‌ಐಗೆ ಜಿಪಿಟಿ ಬೇಕು. ಡಿಸ್ಕಿನಲ್ಲಿ ಉಳಿಸಬೇಕಾದ್ದು ಇದ್ದರೆ ಬೂಟ್ ಮೆನು ತೆರೆದು ಅದೇ ಪೆನ್ ಡ್ರೈವಿನ, ‘ಯುಇಎಫ್‌ಐ’ ಅಂತ ಮುಂದೆ ಬರೆಯದ ಸಾಲು ಆರಿಸಿ, ಹಾಗೇ ಮುಂದುವರಿಯುತ್ತದೆ. ಆ ಸಾಲು ಇಲ್ಲದಿದ್ದರೆ ರೂಫಸ್ ಅನ್ನೋ ಬೂಟ್ ಪೆನ್ ಡ್ರೈವ್ ಮಾಡುವ ಪ್ರೋಗ್ರಾಂನಲ್ಲಿ ಪೆನ್ ಡ್ರೈವನ್ನು ಎಂಬಿಆರ್ ಅಂತ ಮಾಡಿ ತನ್ನಿ. ಎಂಬಿಆರ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್, 2 ಟಿಬಿಯ ಆಚೆಗೆ ಅದರ ಲೆಕ್ಕ ಹೋಗುವುದಿಲ್ಲ, ಹಳೇ 500 ಜಿಬಿಗೆ ಅದೇನೂ ತೊಂದರೆ ಇಲ್ಲ. ಯಾರೋ ಶಿಫ್ಟ್ ಮತ್ತು ಎಫ್10 ಒತ್ತಿ ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಕೊಡಿ ಅಂತ ಹೇಳಿರಬಹುದು. ಹೇಳುವುದು ಸುಲಭ. ಕ್ಲೀನ್ ಅನ್ನುವ ಆ ಆಜ್ಞೆ ‘ಖಂಡಿತವಾ?’ ಅಂತ ಒಂದು ಮಾತೂ ಕೇಳುವುದಿಲ್ಲ, ಎಂಟರ್ ಒತ್ತಿದ ಕೂಡಲೇ ಎಲ್ಲ ಪಾರ್ಟಿಷನ್ ಹೋಯಿತು.

ಪ್ರಶ್ನೆ: ಬ್ರಹ್ಮಾವರದಿಂದ ಬರೆಯುತ್ತಿದ್ದೇನೆ. ನಮ್ಮ ತಂದೆ 2004ರಲ್ಲಿ ತಂದ ಸಿಸ್ಟಂನಲ್ಲಿ ಊರಿನ ತಾಳಮದ್ದಲೆ, ಯಕ್ಷಗಾನದ ರೆಕಾರ್ಡಿಂಗ್ ತುಂಬಿಸಿಟ್ಟಿದ್ದರು. ಅಗಲ ಪಟ್ಟಿಯ ಕೇಬಲಿನ 80 ಜಿಬಿ ಡಿಸ್ಕ್. ಈಗ ವಿಂಡೋಸ್ ಎಕ್ಸ್‌ಪಿ ಏಳುತ್ತಿಲ್ಲ. ಈ ಡಿಸ್ಕ್ ಬಿಚ್ಚಿ ಬೇರೆ ಸಿಸ್ಟಂಗೆ ಹಾಕಿ ಹೊಸದಾಗಿ ಎಕ್ಸ್‌ಪಿ ಹಾಕಬಹುದಾ? ಆ ಸಿಸ್ಟಂನ ಡಿಸ್ಕ್ ಎಕ್ಸ್‌ಪಿ ಸಿಡಿಗೆ ಕಾಣುತ್ತಿಲ್ಲ.

ಉತ್ತರ: ಎಕ್ಸ್‌ಪಿ ಆಸೆ ಬಿಡಿ. 2001ರಲ್ಲಿ ಬಂದದ್ದು ಅದು, ಎಎಚ್‌ಸಿಐ ಅಂದರೆ ಏನಂತ ಅದಕ್ಕೆ ಗೊತ್ತಿಲ್ಲ. ಆಗೆಲ್ಲ ಸೆಟಪ್ ಶುರುವಾದಾಗ ಎಫ್6 ಒತ್ತಿ ಡ್ರೈವರನ್ನು ಫ್ಲಾಪಿಯಲ್ಲಿ ಕೊಡಬೇಕಿತ್ತು. ಈಗ ಫ್ಲಾಪಿ ಎಲ್ಲಿಂದ ತರೋದು? ನಿಮಗೆ ಬೇಕಾದ್ದು ತಂದೆಯವರ ಫೈಲುಗಳು, ಎಕ್ಸ್‌ಪಿ ಅಲ್ಲ. ಆ ಡಿಸ್ಕಿನ ಮೇಲೆ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ಫಾರ್ಮ್ಯಾಟ್ ಮಾಡಲೇ ಅಂತ ಯಾವ ಸಿಸ್ಟಂ ಕೇಳಿದರೂ ಬೇಡ ಅನ್ನಿ.

ಐಡಿಇಯಿಂದ (ನಿಮ್ಮ ಅಗಲ ಪಟ್ಟಿಯ ಕೇಬಲಿನ ಜಾತಿ) ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಬೇರೆಯೇ ಪವರ್ ಪ್ಲಗ್ ಇರುವಂಥದ್ದನ್ನೇ ತಗೊಳ್ಳಿ, ಈ ದೊಡ್ಡ ಡಿಸ್ಕ್ ತಿರುಗಲು 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವ 5 ವೋಲ್ಟ್ ಸಾಲದು. ಡಿಸ್ಕ್ ಹಿಂದೆ ಕೇಬಲ್ ಪಿನ್‌ಗೂ ಪವರ್ ಪಿನ್‌ಗೂ ನಡುವೆ ಪುಟ್ಟ ಜಂಪರ್ ಇರುತ್ತದೆ, ಮಾಸ್ಟರ್, ಸ್ಲೇವ್ ಅಂತ ಅದರ ಚಿತ್ರ ಡಿಸ್ಕಿನ ಚೀಟಿಯ ಮೇಲೇ ಇದೆ. ಮಾಸ್ಟರ್‌ಗೆ ಹಾಕಿ. ಸ್ಲೇವ್‌ನಲ್ಲಿದ್ದರೆ ಎಷ್ಟೋ ಅಡಾಪ್ಟರ್‌ಗಳು ಡಿಸ್ಕನ್ನು ಗುರುತಿಸುವುದೇ ಇಲ್ಲ, ಜನ ಡಿಸ್ಕ್ ಸತ್ತಿದೆ ಅಂತ ಎಸೆಯುತ್ತಾರೆ. ಸಿಕ್ಕಿಸುವಾಗ ಬಲ ಹಾಕಬೇಡಿ, ಪಿನ್ ಬಾಗಿದರೆ ಹೊಸ ತಲೆನೋವು. ಒಂದು ಪಿನ್ ಇಲ್ಲದೇ ಇರುವುದು ತಪ್ಪಲ್ಲ, ಉಲ್ಟಾ ಹಾಕಬಾರದು ಅಂತ ಹಾಗೆ ಮಾಡಿದ್ದು.

ಕಂಡ ಮೇಲೆ ‘ಮೈ ಡಾಕ್ಯುಮೆಂಟ್ಸ್’ ತೆರೆಯಲು ವಿಂಡೋಸ್ ಅನುಮತಿ ಇಲ್ಲ ಅನ್ನಬಹುದು. ಹೆದರಬೇಡಿ, ಲಿನಕ್ಸ್ ಪೆನ್ ಡ್ರೈವ್‌ನಿಂದ ಎದ್ದು ಅಲ್ಲಿಂದ ಕಾಪಿ ಮಾಡಿ, ಅದು ಆ ತಕರಾರು ತೆಗೆಯುವುದಿಲ್ಲ. ಡಿಸ್ಕ್ ಟಕ್ ಟಕ್ ಅಂತ ಲಯ ಹಿಡಿದು ಬಡಿಯುತ್ತಿದ್ದರೆ ಮಾತ್ರ ಆಗಿಂದಾಗಲೇ ಪ್ಲಗ್ ಕೀಳಿ, ಇನ್ನೊಮ್ಮೆ ನೋಡೋಣ ಅಂತ ಹಾಕಬೇಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ಎರಡು ಕಡೆ ಕಾಪಿ ಇಡಿ. ಆಮೇಲೆ ಒಂದೊಂದು ರೆಕಾರ್ಡಿಂಗ್ ತೆರೆದು ಶುರುವಿನಿಂದ ಕೇಳದೆ ನಡುವಿಗೆ, ಕೊನೆಗೆ ಎಳೆದು ಕೇಳಿ. ಅರ್ಧ ಕಾಪಿ ಆದ ಫೈಲೂ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹಾಡುತ್ತದೆ. ಭಾಗವತರ ಪದ ನಡುವೆ ತುಂಡಾದರೆ ಆ ಫೈಲನ್ನು ಇನ್ನೊಮ್ಮೆ ತೆಗೆಯಿರಿ, ಹಳೇ ಡಿಸ್ಕ್ ಇನ್ನೂ ತಿರುಗುತ್ತಿರುವಾಗಲೇ.